ಸ್ಟ್ರಿಂಗ್, ಆಪ್ಟಿಮೈಸರ್, ಮೈಕ್ರೋ: ನಿಮ್ಮ ಚಾವಣಿಗೆ ಯಾವ ಇನ್ವರ್ಟರ್?

ಸೋಲಾರ್ ಹಾಕಿಸುವವರು ಮೊದಲು ಕೇಳುವುದು ಪ್ಯಾನೆಲ್ ಯಾವ ಕಂಪನಿಯದು ಎಂದು. ಒಳ್ಳೆಯ ಪ್ಯಾನೆಲ್‌ಗಳ ನಡುವೆ ಈಗ ಹೇಳಿಕೊಳ್ಳುವಂಥ ಅಂತರ ಉಳಿದಿಲ್ಲ. ಮುಂದೆ ತಲೆನೋವು ಬರುತ್ತದೋ ಇಲ್ಲವೋ ಎಂಬುದು ಪ್ಯಾನೆಲ್‌ನ ಡಿಸಿ ಕರೆಂಟನ್ನು ಮನೆ ಬಳಸುವ ಎಸಿಗೆ ಬದಲಿಸುವ ಇನ್ವರ್ಟರ್ ಯಾವುದು, ಅದು ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ದಾರಿಗಳು ಮೂರು. ಪ್ಯಾನೆಲ್‌ಗಳನ್ನು ಸರದಂತೆ ಪೋಣಿಸಿ, ಕೆಳಗೆ ಗೋಡೆಯ ಮೇಲೆ ಒಂದು ಇನ್ವರ್ಟರ್ ಕೂರಿಸುವುದು ಸ್ಟ್ರಿಂಗ್. ಅದೇ ಸರ, ಅದೇ ಗೋಡೆ, ಆದರೆ ಪ್ರತಿ ಪ್ಯಾನೆಲ್ ಬೆನ್ನಿಗೂ ವೋಲ್ಟೇಜ್ ಹೊಂದಿಸುವ ಪುಟ್ಟ ಡಬ್ಬಿ ಕಟ್ಟಿದರೆ ಆಪ್ಟಿಮೈಸರ್. ಇನ್ವರ್ಟರನ್ನೇ ಚಿಕ್ಕದು ಮಾಡಿ ಪ್ರತಿ ಪ್ಯಾನೆಲ್ ಅಡಿಗೆ ಒಂದೊಂದು ಕೂರಿಸಿದರೆ ಮೈಕ್ರೋ. ಇದರಲ್ಲಿ ಚಾವಣಿಯಿಂದ ಕೆಳಗೆ ಇಳಿಯುವುದೇ 230 ವೋಲ್ಟ್ ಎಸಿ. ಮೂರನ್ನೂ ಮನೆಗಳಿಗೆ, ಅಂಗಡಿ-ವರ್ಕ್‌ಶಾಪ್‌ಗಳಿಗೆ ಹಾಕಿ, ಆಮೇಲೆ ಅವುಗಳ ರಿಪೇರಿಗೂ ಹತ್ತಿ ಇಳಿದು ನೋಡಿದ ಲೆಕ್ಕ ಇಲ್ಲಿದೆ.

ನೆರಳಿನ ಮಾತು

"ಒಂದು ಪ್ಯಾನೆಲ್ ಮೇಲೆ ನೆರಳು ಬಿದ್ದರೆ ಇಡೀ ಸ್ಟ್ರಿಂಗ್ ಸತ್ತಂತೆ, ಸೀರಿಯಲ್ ಸೆಟ್ ದೀಪದ ಹಾಗೆ" ಎಂದು ಹೇಳಿಯೇ ಆಪ್ಟಿಮೈಸರ್ ಮತ್ತು ಮೈಕ್ರೋ ಮಾರುತ್ತಾರೆ. ಇದು ಅರ್ಧ ಸತ್ಯ. ಪ್ರತಿ ಪ್ಯಾನೆಲ್ ಒಳಗೆ ಮೂರು ಬೈಪಾಸ್ ಡಯೋಡ್‌ಗಳಿರುತ್ತವೆ, ಒಂದೊಂದೂ ಮೂರನೇ ಒಂದು ಭಾಗದ ಸೆಲ್‌ಗಳಿಗೆ ಕಾವಲು. 540 ವ್ಯಾಟ್‌ನ, 144 ಅರ್ಧ ಸೆಲ್‌ಗಳ ಪ್ಯಾನೆಲ್ ತೆಗೆದುಕೊಳ್ಳಿ. ಕೆಲಸ ಮಾಡುವಾಗ ಅದರ ವೋಲ್ಟೇಜ್ ಸುಮಾರು 41.6. ಹತ್ತು ಪ್ಯಾನೆಲ್ ಸೇರಿಸಿದರೆ 416. ಒಂದು ಕಂಬದ ನೆರಳು ಒಂದು ಪ್ಯಾನೆಲ್‌ನ ಮೂರನೇ ಒಂದು ಭಾಗದ ಮೇಲೆ ಬಿದ್ದರೆ ಆ ಭಾಗದ ಡಯೋಡ್ ತೆರೆದುಕೊಂಡು ಕರೆಂಟನ್ನು ಪಕ್ಕದಿಂದ ಸಾಗಿಸುತ್ತದೆ. ಹೋಗುವುದು ಸುಮಾರು 14 ವೋಲ್ಟ್, ಅಂದರೆ ಶೇ. 3ಕ್ಕೆ ಸ್ವಲ್ಪ ಹೆಚ್ಚು. ಅದೂ ನೆರಳಿರುವ ಹೊತ್ತಿನಲ್ಲಿ ಮಾತ್ರ. ಆಪ್ಟಿಮೈಸರ್ ತಾನೇ ಬೆಳಗಿನಿಂದ ಸಂಜೆಯವರೆಗೆ ಶೇ. 1ರ ಆಸುಪಾಸು ತಿನ್ನುತ್ತದೆ. ಒಂದು ಕಂಬ, ಒಂದು ಆಂಟೆನಾ ಎಂದು ಹತ್ತು ಆಪ್ಟಿಮೈಸರ್ ಹಾಕಿಸಿಕೊಂಡವರಿಗೆ ದಕ್ಕುವುದು ಮೊಬೈಲ್‌ನಲ್ಲಿ ಪ್ರತಿ ಪ್ಯಾನೆಲ್‌ನ ಬಣ್ಣ ನೋಡುವ ಸುಖ, ಅಷ್ಟೆ.

ಆದರೆ ಒಂದು ಷರತ್ತಿದೆ. ಸ್ಟ್ರಿಂಗ್ ಇನ್ವರ್ಟರ್‌ನಲ್ಲಿ ನೆರಳಿದ್ದಾಗ ನಿಜವಾದ ಗರಿಷ್ಠ ಬಿಂದು, ಅಂದರೆ ಅತಿ ಹೆಚ್ಚು ವ್ಯಾಟ್ ಸಿಗುವ ವೋಲ್ಟೇಜ್, ಹುಡುಕುವ ಶೇಡ್ ಸ್ಕ್ಯಾನ್ ಆನ್ ಆಗಿರಬೇಕು. ಎಷ್ಟೋ ಕಡೆ ಇದು ಆಫ್ ಆಗಿಯೇ ಬರುತ್ತದೆ, ಹಾಕಿದವರು ಮೆನು ತೆರೆದಿರುವುದಿಲ್ಲ. ಆಗ ಇನ್ವರ್ಟರ್ ಸಿಕ್ಕಿದ ಚಿಕ್ಕ ಗುಡ್ಡವನ್ನೇ ಶಿಖರ ಎಂದುಕೊಂಡು ಅಲ್ಲೇ ಕೂರುತ್ತದೆ. "ಸ್ಟ್ರಿಂಗ್‌ಗೆ ನೆರಳು ಆಗಿಬರುವುದಿಲ್ಲ" ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಇದು.

ಸ್ಟ್ರಿಂಗ್ ನಿಜಕ್ಕೂ ಸೋಲುವುದು ಎರಡು ಕಡೆ. ಮೊದಲನೆಯದು ಚಿಕ್ಕ ಸರ. ಬಿಸಿಲಲ್ಲಿ ಸೆಲ್ 65 ಡಿಗ್ರಿಗೆ ಏರಿದಾಗ ಅದೇ ಪ್ಯಾನೆಲ್ ಕೊಡುವುದು 36 ವೋಲ್ಟ್‌ನ ಆಸುಪಾಸು. ಆರು ಪ್ಯಾನೆಲ್‌ಗೆ 215. ಇನ್ವರ್ಟರ್‌ನ ಎಂಪಿಪಿಟಿ (ಆ ಗರಿಷ್ಠ ಬಿಂದುವನ್ನು ಹಿಡಿಯುವ ಭಾಗ) ಶುರುವಾಗುವುದೇ 200ರಿಂದ ಎಂದಾದರೆ, ಒಂದು ಪ್ಯಾನೆಲ್ ಪೂರ್ತಿ ನೆರಳಿಗೆ ಹೋದ ಕ್ಷಣ 179ಕ್ಕೆ ಇಳಿದು ಇನ್ವರ್ಟರ್ ತಡಬಡಿಸುತ್ತದೆ. ಎರಡನೆಯದು ಒಂದೇ ಸರದಲ್ಲಿ ಎರಡು ದಿಕ್ಕು. ಪೂರ್ವದ ಇಳಿಜಾರಿನ ಐದು, ಪಶ್ಚಿಮದ ಐದು ಪ್ಯಾನೆಲ್‌ಗಳನ್ನು ಸರಣಿಯಲ್ಲಿ ಪೋಣಿಸಿದರೆ ದಿನವಿಡೀ ದುರ್ಬಲ ದಿಕ್ಕಿನ ಕರೆಂಟೇ ಗತಿ. ಅದೇ ಎರಡು ದಿಕ್ಕುಗಳಿಗೆ ಒಂದೇ ಉದ್ದದ ಬೇರೆ ಬೇರೆ ಸರ ಮಾಡಿ ಸಮಾಂತರ ಜೋಡಿಸಿದರೆ ನಷ್ಟ ಅತ್ಯಲ್ಪ. ಬಿಸಿಲು ಏರಿಳಿದರೆ ಕರೆಂಟು ಏರಿಳಿಯುತ್ತದೆ, ವೋಲ್ಟೇಜ್ ಅಷ್ಟಾಗಿ ಅಲುಗುವುದಿಲ್ಲ. ಇಷ್ಟು ತಿಳಿದಿದ್ದರೆ ಅರ್ಧಕ್ಕರ್ಧ ಚಾವಣಿಗಳಲ್ಲಿ ಆಪ್ಟಿಮೈಸರ್ ಮಾತೇ ಏಳುವುದಿಲ್ಲ.

ಇನ್ನು ಮೂರೂ ಕೈಚೆಲ್ಲುವ ನೆರಳೊಂದಿದೆ: ಮೋಟುಗೋಡೆಯದು. ಬೆಳಗ್ಗೆ ಗೋಡೆಯ ನೆರಳು ಸಾಲಿನ ಎಲ್ಲ ಪ್ಯಾನೆಲ್‌ಗಳ ಬುಡದಲ್ಲೂ ಒಂದು ಪಟ್ಟಿಯಂತೆ ಮಲಗುತ್ತದೆ. ಎಲ್ಲ ಪ್ಯಾನೆಲ್‌ಗಳಿಗೂ ಒಂದೇ ಪೆಟ್ಟು ಬಿದ್ದಿರುವುದರಿಂದ ಆಪ್ಟಿಮೈಸರ್‌ಗಾಗಲಿ ಮೈಕ್ರೋಗಾಗಲಿ ಸರಿದೂಗಿಸಲು ಏನೂ ಇರುವುದಿಲ್ಲ. ಅವು ಪ್ಯಾನೆಲ್ ಪ್ಯಾನೆಲ್ ನಡುವಿನ ವ್ಯತ್ಯಾಸ ತಿದ್ದುತ್ತವೆ, ಪ್ಯಾನೆಲ್ ಒಳಗಿನದನ್ನಲ್ಲ. ಇಲ್ಲಿ ಮದ್ದು ಪುಕ್ಕಟೆ: ಪ್ಯಾನೆಲ್‌ಗಳನ್ನು ಅಡ್ಡ ಮಲಗಿಸಿ, ಉದ್ದದ ಬದಿ ಕೆಳಗೆ ಬರುವಂತೆ. ಅರ್ಧ ಸೆಲ್ ಪ್ಯಾನೆಲ್‌ನ ಮೇಲರ್ಧ, ಕೆಳಗರ್ಧ ಸಮಾಂತರವಾಗಿ ಜೋಡಿಸಿರುತ್ತವೆ; ಅದು ನಿಂತಿದ್ದರೆ ಬುಡದ ಸಾಲಿನ ನೆರಳು ಮೂರೂ ಭಾಗಗಳನ್ನು ತಾಗಿ ಉತ್ಪಾದನೆ ಅರ್ಧಕ್ಕೆ ಬೀಳುತ್ತದೆ. ಮಲಗಿದ್ದರೆ ಒಂದೇ ಭಾಗ ಹೋಗಿ ಮೂರರಲ್ಲಿ ಎರಡು ಪಾಲು ಉಳಿಯುತ್ತದೆ. ಕಡಿಮೆ ಇಳಿಜಾರಿನಲ್ಲಿ ಕೆಳ ಫ್ರೇಮಿನ ಅಂಚಿಗೆ ಕಟ್ಟುವ ಧೂಳಿನ ಗೆರೆಗೂ ಇದೇ ಲೆಕ್ಕ.

ಹಾಗಾದರೆ ಆಪ್ಟಿಮೈಸರ್, ಮೈಕ್ರೋ ಯಾವಾಗ? ದಿನದ ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಪ್ಯಾನೆಲ್ ಮೇಲೆ ನೆರಳು ಅಲೆಯುವಾಗ. ನೀರಿನ ಟ್ಯಾಂಕು, ಮೆಟ್ಟಿಲ ಕೋಣೆ, ಪಕ್ಕದ ಮರ ಮೂರೂ ಇರುವ ಮನೆ; ಅಥವಾ ಇಲ್ಲಿ ಮೂರು, ಅಲ್ಲಿ ಎರಡು, ಆ ಮೂಲೆಯಲ್ಲಿ ನಾಲ್ಕು ಎಂದು ಚದುರಿ ಕೂರಿಸಬೇಕಾದ ಅಂಗಡಿ ಚಾವಣಿ. ಅಲ್ಲಿ ಸ್ಟ್ರಿಂಗ್ ಹಠ ಹಿಡಿಯಬಾರದು.

ತಂತಿ ಮತ್ತು ಜೋಡಣೆ

ಹತ್ತು ಪ್ಯಾನೆಲ್‌ನ ಸಾದಾ ಸ್ಟ್ರಿಂಗ್‌ನಲ್ಲಿ ಕನೆಕ್ಟರ್ ಜೋಡಿಗಳು ಹನ್ನೊಂದು: ನಡುವೆ ಒಂಬತ್ತು, ತುದಿಗಳಲ್ಲಿ ಎರಡು. ಆಪ್ಟಿಮೈಸರ್ ಹಾಕಿದರೆ ಪ್ಯಾನೆಲ್‌ಗೆ ಎರಡರಂತೆ ಇಪ್ಪತ್ತು ಸೇರಿ ಮೂವತ್ತೊಂದು. ಮೈಕ್ರೋದಲ್ಲಿ ಡಿಸಿ ಜೋಡಿಗಳು ಇಪ್ಪತ್ತು, ಮೇಲೆ ಮೈಕ್ರೋಗಳನ್ನೆಲ್ಲ ಸೇರಿಸುವ ಎಸಿ ಟ್ರಂಕ್ ಕೇಬಲ್‌ನ ಹತ್ತು. ಚಾವಣಿ ಸೋಲಾರ್‌ನಲ್ಲಿ ಸುಡುವುದು ಸಾಮಾನ್ಯವಾಗಿ ಪ್ಯಾನೆಲ್ ಅಲ್ಲ, ಕನೆಕ್ಟರ್. ಅದಕ್ಕೇ ಈ ಎಣಿಕೆಗೆ ಬೆಲೆಯಿದೆ. ಬೇರೆ ಬೇರೆ ತಯಾರಕರ ಎಂಸಿ4 ಗಂಡು-ಹೆಣ್ಣು ಕನೆಕ್ಟರ್‌ಗಳು ಒಂದಕ್ಕೊಂದು ಟಕ್ಕೆಂದು ಕೂರುತ್ತವೆ, ಕೂತವು ಎಂದೇ ಅನಿಸುತ್ತದೆ. ಒಳಗಿನ ಲೋಹದ ಅಳತೆ, ಲೇಪನ ಬೇರೆಯಾಗಿರುವುದರಿಂದ ಒಂದೆರಡು ವರ್ಷದಲ್ಲಿ ತಡೆ ಏರಿ ಬಿಸಿಯಾಗಿ ಪ್ಲಾಸ್ಟಿಕ್ ಕಂದಾಗುತ್ತದೆ. ಪ್ಯಾನೆಲ್‌ದು ಒಂದು ಬ್ರ್ಯಾಂಡ್, ಆಪ್ಟಿಮೈಸರ್‌ದು ಇನ್ನೊಂದು ಆದಾಗ ಈ ಬೆರಕೆ ತಾನಾಗಿಯೇ ಆಗಿಬಿಡುತ್ತದೆ. ಪ್ಯಾನೆಲ್ ಕನೆಕ್ಟರ್ ಯಾವುದೆಂದು ಮೊದಲೇ ಕೇಳಿ, ಅದಕ್ಕೆ ಹೊಂದುವ ಡಬ್ಬಿಯನ್ನೇ ತರಿಸಬೇಕು.

ಮೈಕ್ರೋದಲ್ಲಿ ಎಡವುವ ಜಾಗ ಬೇರೆ. ಹತ್ತು ಮೈಕ್ರೋ, ತಲಾ 350 ವಿಎ, ಒಟ್ಟು 15 ಆಂಪ್. ಚಾವಣಿಯಿಂದ ಬೋರ್ಡಿಗೆ 30 ಮೀಟರ್ ಎಂದರೆ ಹೋಗಿ ಬಂದು 60 ಮೀಟರ್ ತಂತಿ. 2.5 ಚದರ ಮಿಲಿಮೀಟರ್ ತಾಮ್ರವಾದರೆ ಸುಮಾರು 6.8 ವೋಲ್ಟ್ ವ್ಯತ್ಯಾಸ. ಉತ್ಪಾದನೆ ಮಾಡುವ ಕಡೆ ಇದು ಇಳಿಕೆಯಲ್ಲ, ಏರಿಕೆ. ಲೈನ್ ಆಗಲೇ 247ರಲ್ಲಿದ್ದರೆ ಚಾವಣಿಯಲ್ಲಿ 253 ದಾಟಿ, 230ರ ಮೇಲೆ ಶೇ. 10ರ ಮಿತಿ ಮುಗಿದು, ಮೈಕ್ರೋಗಳು ಒಂದೊಂದಾಗಿ ಕಣ್ಣು ಮುಚ್ಚುತ್ತವೆ. ಬೆಳಗ್ಗೆ, ಸಂಜೆ ಚೆನ್ನಾಗಿದ್ದು ನೆತ್ತಿ ಬಿಸಿಲಿನಲ್ಲೇ ಉತ್ಪಾದನೆ ಬೀಳುತ್ತಿದ್ದರೆ ಗುಮಾನಿ ಇದರ ಮೇಲಿರಲಿ. ತಂತಿಯನ್ನು 6 ಚದರ ಮಿಲಿಮೀಟರಿಗೆ ಏರಿಸಿದರೆ ಏರಿಕೆ 3 ವೋಲ್ಟ್‌ಗಿಂತ ಕೆಳಗೆ ಬರುತ್ತದೆ. ಟ್ರಂಕ್ ಕೇಬಲನ್ನು ಸಾಲಿನ ತುದಿಯಿಂದ ಎಳೆಯದೆ ನಡುವಿನಿಂದ ಇಳಿಸಿದರೆ ಇನ್ನೂ ಒಳ್ಳೆಯದು. ಸ್ಟ್ರಿಂಗ್‌ನಲ್ಲಿ ಅದೇ 30 ಮೀಟರ್‌ಗೆ 4 ಚದರ ಮಿಲಿಮೀಟರ್ ಡಿಸಿ ತಂತಿ ಸಾಕು: 13 ಆಂಪ್‌ಗೆ ಸುಮಾರು 4 ವೋಲ್ಟ್ ಇಳಿಕೆ, 416ರಲ್ಲಿ ಶೇ. 1.

ವರ್ಕ್‌ಶಾಪಿನ ತಗಡಿನ ಚಾವಣಿಗೆ ಇಷ್ಟು ಯೋಚನೆ ಬೇಡ. 540 ವ್ಯಾಟ್‌ನ 56 ಪ್ಯಾನೆಲ್ ಸೇರಿ 30 ಕಿಲೋವ್ಯಾಟ್, ನೆರಳಿಲ್ಲ, ಒಂದೇ ದಿಕ್ಕು: ಹದಿನಾಲ್ಕರ ನಾಲ್ಕು ಸರ ಮಾಡಿ ತ್ರೀ ಫೇಸ್ ಸ್ಟ್ರಿಂಗ್ ಇನ್ವರ್ಟರ್‌ಗೆ ಕೊಟ್ಟರೆ ಮುಗಿಯಿತು. ಒಂದು ಸರದ ಖಾಲಿ ವೋಲ್ಟೇಜ್ (ಲೋಡ್ ಇಲ್ಲದಾಗಿನದು) 25 ಡಿಗ್ರಿಯಲ್ಲಿ 693. 5 ಡಿಗ್ರಿಯ ಚಳಿ ಬೆಳಗಿನಲ್ಲಿ 730ರ ಆಸುಪಾಸು. ಈ ಚಳಿಯ ಲೆಕ್ಕ ಬಿಟ್ಟು ಮಿತಿಯ ಅಂಚಿಗೆ ಪೋಣಿಸಿದರೆ ಇನ್ವರ್ಟರ್ ಸುಟ್ಟುಕೊಳ್ಳುವುದು ಬೇಸಿಗೆಯಲ್ಲಲ್ಲ, ಚಳಿಗಾಲದ ಬೆಳಗಿನಲ್ಲಿ. ಒಂದು ಎಂಪಿಪಿಟಿಗೆ ಎರಡು ಸರ ಸೇರಿಸಿದರೆ ಫ್ಯೂಸ್ ಬೇಕಿಲ್ಲ. ಮೂರು ಸೇರಿಸಿದರೆ ಬೇಕೇ ಬೇಕು: ಒಂದು ಸರ ಕೆಟ್ಟಾಗ ಉಳಿದೆರಡರ 27 ಆಂಪ್ ಅದರೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ, ಇಂಥ ಪ್ಯಾನೆಲ್‌ನ ಬೆನ್ನಿನ ಮೇಲೆ ಬರೆದಿರುವ ಮಿತಿ ಸಾಮಾನ್ಯವಾಗಿ 25.

ಸುರಕ್ಷತೆಯಲ್ಲಿ ಮಾತ್ರ ಸ್ಟ್ರಿಂಗ್ ಹಿಂದೆ, ಇದನ್ನು ಮುಚ್ಚಿಡಬಾರದು. ಹಗಲಿನಲ್ಲಿ ಯಾವ ಸ್ವಿಚ್ ಆರಿಸಿದರೂ ಚಾವಣಿಯ ಮೇಲಿನ ಸರದಲ್ಲಿ ನೂರಾರು ವೋಲ್ಟ್ ಡಿಸಿ ಜೀವಂತ. 50 ಹರ್ಟ್ಜ್ ಎಸಿ ಸೆಕೆಂಡಿಗೆ ನೂರು ಸಲ ಸೊನ್ನೆ ಮುಟ್ಟುವುದರಿಂದ ಕಿಡಿ ಆರಲು ಅವಕಾಶವಿದೆ. ಡಿಸಿ ಕಿಡಿಗೆ ಆ ಬಿಡುವಿಲ್ಲ. ಲೋಡ್ ಇರುವಾಗ ಎಂಸಿ4 ಕಿತ್ತರೆ ಕೈಯಲ್ಲೇ ಬೆಂಕಿ. ಮರದ ಚಾವಣಿ, ಮಕ್ಕಳಿರುವ ಶಾಲೆ, ಗೋದಾಮು ಎಂದರೆ ಮೈಕ್ರೋ ಪರ ವಾಲುವುದು ಸರಿ.

ಕೆಟ್ಟಾಗ

ಸ್ಟ್ರಿಂಗ್‌ನಲ್ಲಿ ಹೆಚ್ಚು ಕಾಡುವುದು ಇನ್ಸುಲೇಷನ್ ದೋಷ. ಇಬ್ಬನಿಯ ಬೆಳಗ್ಗೆ ಇನ್ವರ್ಟರ್ ಏಳುವುದಿಲ್ಲ, ಹತ್ತು ಗಂಟೆಗೆ ತಂತಾನೇ ಸರಿಯಾಗುತ್ತದೆ. ಎಲ್ಲೋ ತಂತಿಯ ಹೊದಿಕೆ ಸುಲಿದು ಫ್ರೇಮಿಗೆ ತಾಗಿದೆ. ಎಲ್ಲಿ? ಒಂದು ಮಲ್ಟಿಮೀಟರ್ ಸಾಕು, ಮೊದಲ ಪ್ಯಾನೆಲನ್ನೂ ಬಿಚ್ಚಬೇಕಿಲ್ಲ. ದೋಷ ಇರುವಾಗಲೇ ಹೋಗಿ, ಇನ್ವರ್ಟರ್‌ನಿಂದ ಸರ ಬಿಡಿಸಿ ಅಳೆಯಿರಿ. ಪ್ಲಸ್-ಮೈನಸ್ ನಡುವೆ 480, ಪ್ಲಸ್-ಅರ್ಥ್ ನಡುವೆ 336, ಮೈನಸ್-ಅರ್ಥ್ ನಡುವೆ 144 ಬಂತು ಎನ್ನಿ. ಹತ್ತು ಪ್ಯಾನೆಲ್ ಎಂದರೆ ಒಂದಕ್ಕೆ 48. ಮೈನಸ್ ಕಡೆಯಿಂದ 144 ವೋಲ್ಟ್ ಎಂದರೆ ಮೂರು ಪ್ಯಾನೆಲ್ ದೂರ. ಮೂರನೆಯ ಮತ್ತು ನಾಲ್ಕನೆಯದರ ನಡುವಿನ ತಂತಿ ನೋಡಿ. ಕ್ಲ್ಯಾಂಪ್ ಅಡಿ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಇಲಿ ಕಡಿದಿರುತ್ತದೆ. ಒಂದು ಪ್ಯಾನೆಲ್‌ನ ಖಾಲಿ ವೋಲ್ಟೇಜ್ 49ರ ಬದಲು 33 ತೋರಿಸಿದರೆ ಬೈಪಾಸ್ ಡಯೋಡ್ ಒಂದು ಶಾರ್ಟ್ ಆಗಿದೆ ಎಂದರ್ಥ.

ಸರಕ್ಕೆಲ್ಲ ಆಪ್ಟಿಮೈಸರ್ ಕಟ್ಟುವ ಕೆಲವು ಮಾದರಿಗಳಲ್ಲಿ ಇನ್ವರ್ಟರ್ ಆರಿದ್ದಾಗ ಒಂದೊಂದೂ 1 ವೋಲ್ಟ್ ಮಾತ್ರ ಬಿಡುತ್ತದೆ. ಹತ್ತು ಇದ್ದರೆ ತಂತಿಯ ತುದಿಯಲ್ಲಿ 10 ವೋಲ್ಟ್ ಬರಬೇಕು. 9 ಬಂದರೆ ಒಂದು ಸತ್ತಿದೆ ಅಥವಾ ಅದರ ಪ್ಯಾನೆಲ್ ಕನೆಕ್ಟರ್ ಪೂರ್ತಿ ಕೂತಿಲ್ಲ. ಏಣಿ ಇಳಿಸುವ ಮೊದಲೇ ಈ ಪರೀಕ್ಷೆ ಮಾಡಿದರೆ ಒಂದು ದಿನ ಉಳಿಯುತ್ತದೆ.

ಗೋಡೆಯ ಇನ್ವರ್ಟರ್ ಹತ್ತು-ಹದಿನೈದು ವರ್ಷದಲ್ಲಿ ಒಮ್ಮೆ ಬದಲಾಗುತ್ತದೆ ಎಂದೇ ಇಟ್ಟುಕೊಳ್ಳಿ. ಪಶ್ಚಿಮದ ಬಿಸಿಲ ಗೋಡೆಗೆ ತೂಗಿದರೆ ಅಥವಾ ಬೀರುವಿನೊಳಗೆ ಮುಚ್ಚಿಟ್ಟರೆ ಇನ್ನೂ ಬೇಗ. ಆದರೆ ಬದಲಿಸುವುದು ನೆಲದ ಮೇಲೆ ನಿಂತು, ಅರ್ಧ ದಿನದ ಕೆಲಸ. ಮೈಕ್ರೋಗೆ 25 ವರ್ಷದ ವಾರಂಟಿ ಸಿಗುವುದುಂಟು. ಅದು ಡಬ್ಬಿಗೆ, ಪ್ಯಾನೆಲ್ ಎತ್ತಿ ಇಳಿಸುವ ಕೂಲಿಯನ್ನು ಕಾಗದದಲ್ಲಿ ಹುಡುಕಿ ನೋಡಿ. ಸಮತಟ್ಟು ತಾರಸಿಯಲ್ಲಿ ಎತ್ತರದ ಸ್ಟ್ಯಾಂಡ್ ಇದ್ದರೆ ಹಿಂದಿನಿಂದ ಕೈಹಾಕಿ ಮೈಕ್ರೋ ಬದಲಿಸಬಹುದು, ಕಾಫಿ ಕುಡಿದಷ್ಟು ಸಲೀಸು. ತಗಡಿಗೆ ಅಂಟಿದಂತೆ ಗೇಣಷ್ಟೂ ಸಂದಿಲ್ಲದೆ ಕೂರಿಸಿದ ಸಾಲಿನ ನಡುವಿನದು ಕೆಟ್ಟರೆ ಅಂಚಿನಿಂದ ಒಂದೊಂದೇ ಪ್ಯಾನೆಲ್ ಬಿಚ್ಚುತ್ತ ಹೋಗಬೇಕು. ಮೈಕ್ರೋ ಬೇಕೋ ಬೇಡವೋ ಎಂಬುದನ್ನು ನೆರಳಿನಷ್ಟೇ ಈ ಸಂದಿಯೂ ತೀರ್ಮಾನಿಸುತ್ತದೆ.

ಕರೆಂಟು ಹೋದಾಗ ಮೂರೂ ಸಮಾನ: ಬ್ಯಾಟರಿ ಇಲ್ಲದಿದ್ದರೆ ಸಾಮಾನ್ಯವಾಗಿ ಮೂರೂ ಸುಮ್ಮನಾಗುತ್ತವೆ. ಮುಂದೆ ಬ್ಯಾಟರಿ ಸೇರಿಸುವ ಯೋಚನೆಯಿದ್ದರೆ ಬ್ಯಾಟರಿಯನ್ನೂ ತಾನೇ ನಿಭಾಯಿಸುವ ಹೈಬ್ರಿಡ್ ಸ್ಟ್ರಿಂಗ್ ಇನ್ವರ್ಟರ್ ನೇರ ದಾರಿ. ಮೈಕ್ರೋ ಜತೆಗೂ ಆಗುತ್ತದೆ, ಆದರೆ ಬ್ಯಾಟರಿ ತುಂಬಿದಾಗ ಬ್ಯಾಟರಿ ಇನ್ವರ್ಟರ್ ಫ್ರೀಕ್ವೆನ್ಸಿ ಏರಿಸಿ ಮೈಕ್ರೋಗಳನ್ನು ತಗ್ಗಿಸಬೇಕು. ಎರಡೂ ಈ ವಿಷಯದಲ್ಲಿ ಹೊಂದುತ್ತವೆಯೇ ಎಂದು ಖಚಿತಪಡಿಸಿಕೊಳ್ಳದೆ ಕೊಳ್ಳಬೇಡಿ.

ಆಪ್ಟಿಮೈಸರ್ ಅಥವಾ ಮೈಕ್ರೋ ಎಂದು ತೀರ್ಮಾನಿಸಿದವರು ಪ್ಯಾನೆಲ್ ಕೂರಿಸುವ ದಿನ ಚಾವಣಿಯ ನಕ್ಷೆ ಬರೆದ ಒಂದು ಹಾಳೆ ಇಟ್ಟುಕೊಳ್ಳಿ. ಪ್ರತಿ ಡಬ್ಬಿಯೊಡನೆ ಬರುವ ಸೀರಿಯಲ್ ನಂಬರಿನ ಕಿತ್ತಂಟಿಸುವ ಚೀಟಿಯನ್ನು, ಪ್ಯಾನೆಲ್ ಅದರ ಮೇಲೆ ಮುಚ್ಚುವ ಮೊದಲೇ, ನಕ್ಷೆಯ ಅದೇ ಜಾಗಕ್ಕೆ ಅಂಟಿಸಬೇಕು. ಆಮೇಲೆ ಅದರ ಫೋಟೊ. ಈ ಹಾಳೆ ಇಲ್ಲದಿದ್ದರೆ ಐದು ವರ್ಷದ ನಂತರ ಆ್ಯಪ್ ಒಂದು ಉದ್ದದ ನಂಬರ್ ತೋರಿಸಿ "ಇದು ಕೆಟ್ಟಿದೆ" ಎನ್ನುತ್ತದೆ. ಮೇಲೆ ಒಬ್ಬರು ಒಂದೊಂದೇ ಪ್ಯಾನೆಲ್‌ಗೆ ರಟ್ಟು ಮುಚ್ಚುತ್ತ, ಕೆಳಗೆ ಇನ್ನೊಬ್ಬರು ಪ್ರತಿ ಸಲವೂ ಹದಿನೈದು ನಿಮಿಷ ಆ್ಯಪ್ ಅಪ್‌ಡೇಟ್ ಆಗಲು ಕಾಯುತ್ತ, ಯಾವುದು ಬಿತ್ತು ಎಂದು ಕೂಗಿ ಹೇಳಬೇಕಾಗುತ್ತದೆ.