ಹಬಲ್‌ನ ಪುಕ್ಕಟೆ ಕಡತಗಳು: ಉಡುಪಿಯ ಮಳೆಗಾಲಕ್ಕೆ ಹೇಳಿ ಮಾಡಿಸಿದ್ದು

ಜೂನ್ ಬಂತೆಂದರೆ ಉಡುಪಿಯಲ್ಲಿ ಟೆಲಿಸ್ಕೋಪು ಮೂಲೆ ಸೇರುತ್ತದೆ. ಆಮೇಲೆ ನಾಲ್ಕು ತಿಂಗಳು ನಕ್ಷತ್ರದ ಸುದ್ದಿಯೇ ಬೇಡ. ಆಗ ಕೈ ಸುಮ್ಮನಿರದವರಿಗೆ ಮಾಸ್ಟ್ ಅಂತ ಒಂದು ಜಾಲತಾಣ ಉಂಟು ಮಾರಾಯ್ರೆ, ಹಬಲ್ ಬಾಹ್ಯಾಕಾಶ ಟೆಲಿಸ್ಕೋಪು ಹಿಡಿದ ರೋಹಿತಗಳಲ್ಲಿ (ಬೆಳಕನ್ನು ತರಂಗಾಂತರದ ಪ್ರಕಾರ ಬಿಡಿಸಿಟ್ಟ ದಾಖಲೆಗಳಲ್ಲಿ) ಎಲ್ಲರಿಗೂ ಬಿಟ್ಟುಕೊಟ್ಟವೆಲ್ಲ ಅಲ್ಲಿ ಪುಕ್ಕಟೆ ಸಿಗುತ್ತವೆ, ಖಾತೆ ಕೂಡ ಬೇಡ. ನಾನು ಇಲ್ಲಿ ನೋಡಿದ ದೂರ-ಅತಿನೇರಳೆ, ಅಂದರೆ ಅತಿನೇರಳೆಯಲ್ಲೂ ಕಿರಿದಾದ ತರಂಗಾಂತರದ ಬೆಳಕು, ಹೇಗೂ ನೆಲ ಮುಟ್ಟುವುದಿಲ್ಲ, ವಾತಾವರಣ ಮೇಲೆಯೇ ತಡೆಯುತ್ತದೆ. ಹಾಗಾಗಿ ಈ ವಿಷಯದಲ್ಲಿ ದೊಡ್ಡ ಟೆಲಿಸ್ಕೋಪು ಇರುವ ಲಡಾಖಿನ ಹಾನ್ಲೆಯೂ ಒಂದೇ, ನಮ್ಮ ಮಲ್ಪೆಯೂ ಒಂದೇ!

ನಾನು ಇಳಿಸಿಕೊಂಡದ್ದು ಎನ್‌ಜಿಸಿ 5548. ಸುಮಾರು 24 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿ, ನಡುವೆ ಅನಿಲ ನುಂಗುತ್ತಿರುವ ಕಪ್ಪುಕುಳಿ. 2009ರಲ್ಲಿ ಹಬಲ್‌ಗೆ ಜೋಡಿಸಿದ ಸಿಒಎಸ್ ಎಂಬ ರೋಹಿತ ಹಿಡಿಯುವ ಉಪಕರಣದ ಕಡತ ತೆಗೆದು ಗ್ರಾಫ್ ಹಾಕಿದರೆ 1575 ಆಂಗ್‌ಸ್ಟ್ರಾಮ್ (ತರಂಗಾಂತರ ಅಳೆಯುವ ಮಾನ) ಹತ್ತಿರ ಅಗಲವಾದ ಗುಡ್ಡ ಕಾಣುತ್ತದೆ. ಅದು ಮೂರು ಎಲೆಕ್ಟ್ರಾನ್ ಕಳೆದುಕೊಂಡ ಕಾರ್ಬನ್ನಿನದು. ಗುಡ್ಡದ ಎಡ ಮಗ್ಗುಲಲ್ಲಿ ಚೂಪು ಹಳ್ಳಗಳು. ಎಡಕ್ಕೆ, ಅಂದರೆ ಕಿರಿದಾದ ತರಂಗಾಂತರದ ಕಡೆಗೆ ಸರಿದಿವೆ ಅಂದರೆ ಬೆಳಕು ಹೀರಿ ಹಳ್ಳ ಮಾಡಿದ ಆ ಅನಿಲ ನಮ್ಮ ಕಡೆಗೇ ನುಗ್ಗುತ್ತಿದೆ, ಸೆಕೆಂಡಿಗೆ ನೂರಾರು ಕಿಲೋಮೀಟರ್. ಹಳ್ಳಗಳು ಬರುವುದು ಜೋಡಿಯಾಗಿ, ಮಜಾ ಇರುವುದೂ ಅದರಲ್ಲೇ. ಜೋಡಿಯಲ್ಲಿ ಒಂದು ಗೆರೆ ಇನ್ನೊಂದರ ಎರಡರಷ್ಟು ಬಲದ್ದು. ಆದರೂ ಎರಡೂ ಒಂದೇ ಆಳಕ್ಕೆ ಇಳಿದು, ಸೊನ್ನೆ ಮಾತ್ರ ಮುಟ್ಟದೆ ನಿಂತರೆ ಏನರ್ಥ? ಅನಿಲ ದಟ್ಟವಾಗಿಯೇ ಇದೆ, ಆದರೆ ಹಿಂದಿನ ದೀಪವನ್ನು, ಅಂದರೆ ಕಪ್ಪುಕುಳಿಯ ಸುತ್ತಲಿನ ಹೊಳಪನ್ನು ಪೂರ್ತಿ ಮುಚ್ಚಿಲ್ಲ, ಬದಿಯಿಂದ ಬೆಳಕು ನುಸುಳುತ್ತಿದೆ.

ಹಳೆಯ ರೋಹಿತದ ಪಕ್ಕ 2013ರದ್ದನ್ನು ಇಟ್ಟು ನೋಡಲೇಬೇಕು. ಹೊಸ ಅನಿಲದ ಪ್ರವಾಹವೊಂದು ಅಡ್ಡ ಬಂದು ಗುಡ್ಡದ ಎಡಭಾಗವನ್ನು ಅಗಲಕ್ಕೆ ತಿಂದುಹಾಕಿದೆ, ವೇಗ ಸೆಕೆಂಡಿಗೆ 5000 ಕಿ.ಮೀ.ವರೆಗೂ ಹೋಗುತ್ತದೆ. ಅದೇ ಅನಿಲ ಮೆದು (ಕಡಿಮೆ ಶಕ್ತಿಯ) ಎಕ್ಸ್-ಕಿರಣಗಳನ್ನೂ ಬಹುಪಾಲು ತಡೆದಿತ್ತು.

ಹೊಸಬರು ಒಂದು ಕಡೆ ಹುಷಾರಾಗಿರಬೇಕು. 1216 ಆಂಗ್‌ಸ್ಟ್ರಾಮ್ ಬಳಿ ಸೂಜಿಯಂತೆ ಎದ್ದು ನಿಂತದ್ದು ಗ್ಯಾಲಕ್ಸಿಯದ್ದಲ್ಲ, ಭೂಮಿಯ ಸುತ್ತಲಿನ ಹೈಡ್ರೋಜನ್ ಹೊಳಪು. ಗ್ಯಾಲಕ್ಸಿ ನಮ್ಮಿಂದ ದೂರ ಸರಿಯುತ್ತಿರುವುದರಿಂದ ಅದರ ಹೈಡ್ರೋಜನ್ ಕಾಣುವುದು 1236ರ ಆಸುಪಾಸಿನಲ್ಲಿ. 1548ರ ಹತ್ತಿರದ ಹಳ್ಳ ನಮ್ಮ ಕ್ಷೀರಪಥದ ಕಾರ್ಬನ್ನಿನದು.

ನಮ್ಮದೇ ಉಪಗ್ರಹ ಆಸ್ಟ್ರೋಸ್ಯಾಟ್‌ನ ಅತಿನೇರಳೆ ಟೆಲಿಸ್ಕೋಪು ಯುವಿಐಟಿ ಸಾಲದಾ ಅಂತ ಕೇಳುತ್ತಾರೆ. ಚಿತ್ರ ತೆಗೆಯಲು ಅದು ಬಹಳ ಚೆನ್ನ, ಇಷ್ಟು ಸಪೂರ ಗೆರೆ ಬಿಡಿಸಲು ಆಗುವುದಿಲ್ಲ ಅಷ್ಟೆ.

ನನ್ನ ಲೆಕ್ಕದಲ್ಲಿ ಈ ಕಡತಗಳಿಗೆ 5ಕ್ಕೆ 4 ಅಂಕ. ಪಿಯುಸಿ ಮಕ್ಕಳಿಗೆ ಜಾಸ್ತಿ ಭಾರ, ಎಂಎಸ್ಸಿ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಪೈಥಾನ್‌ನ ಆಸ್ಟ್ರೋಪೈ ಎಂಬ ಖಗೋಳ ಲೈಬ್ರರಿ ಬಳಸಲು ಬಂದರೆ ಸಾಕು. ಹೆಸರಿನ ಕೊನೆಗೆ ಎಕ್ಸ್1ಡಿಸಮ್ ಅಂತ ಇರುವ ಕಡತವನ್ನೇ ಇಳಿಸಿಕೊಳ್ಳಿ, ಕಚ್ಚಾ ಕಡತಗಳು ಸುಮ್ನೆ ಜಾಗ ತಿನ್ನುತ್ತವೆ.