ಕರಾಯನ್ ಬೀಥೋವನ್: ಯಾವ ಸೆಟ್ ಕೇಳಬೇಕು?
ವಾದ್ಯವೃಂದ ನಿರ್ದೇಶಕ ಹರ್ಬರ್ಟ್ ಫಾನ್ ಕರಾಯನ್ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಜೊತೆ ಬೀಥೋವನ್‌ನ ಒಂಬತ್ತೂ ಸಿಂಫನಿಗಳನ್ನು ಸ್ಟುಡಿಯೋ ರೆಕಾರ್ಡಿಂಗ್ ಆಗಿ ಮೂರು ಸಲ ಕೊಟ್ಟಿದ್ದಾರೆ. ಹೊಸದಾಗಿ ಕೇಳುವ ಕುಂಬಳೆ, ಮಂಜೇಶ್ವರದ ಗೆಳೆಯರಿಗೆ ನಾನು ಹೇಳುವುದು 1961-62ರದ್ದನ್ನೇ. ಬರ್ಲಿನ್‌ನ ಜೀಸಸ್ ಕ್ರೈಸ್ಟ್ ಚರ್ಚ್‌ನಲ್ಲಿ ಮಾಡಿದ್ದು. ಆ ಜಾಗದ ಅನುರಣನ ವಾದ್ಯಗಳ ಸುತ್ತ ಕೇಳಿಸುತ್ತದೆ. ಏಳನೆಯದರ ಕೊನೆಯ ಭಾಗದ ರಭಸವಂತೂ, ಯಕ್ಷಗಾನದ ಆಟದಲ್ಲಿ ಯುದ್ಧದ ಪದಕ್ಕೆ ಚೆಂಡೆ ಏರಿದ ಹಾಗೆ! ಒಂಬತ್ತನೆಯದರಲ್ಲಿ ಗಾಯಕಿ ಗುಂಡುಲಾ ಯಾನೊವಿಟ್ಸ್ ದನಿ ಇದೆ, ಅದೊಂದೇ ಸಾಕಲ್ವಾ?

1970ರ ದಶಕದ್ದು ಫಿಲ್‌ಹಾರ್ಮೊನಿ ಸಭಾಂಗಣದ್ದು. ತಂತಿವಾದ್ಯಗಳ ತೂಕ, ಹೊಳಪು ಎರಡೂ ಜಾಸ್ತಿ. ಮೂರನೆಯದಕ್ಕೆ ಅದು ಒಪ್ಪುತ್ತದೆ. 1980ರ ದಶಕದ ಡಿಜಿಟಲ್ ಸೆಟ್ ನನ್ನ ಕಿವಿಗೆ ಗಡುಸು.

ಆಟಿ ತಿಂಗಳ ಮಳೆಯಲ್ಲಿ, ಮಳೆ-ಗುಡುಗಿನ ಸಂಗೀತವಿರುವ ಆರನೆಯದು ಬೇಕೆನಿಸಿದರೆ ಮಾತ್ರ ಕರಾಯನ್ ಬಿಡಿ. 1962ರದ್ದು ತೀರಾ ಅವಸರ. ಇನ್ನೊಬ್ಬ ನಿರ್ದೇಶಕ ಕಾರ್ಲ್ ಬೋಮ್ ವಿಯೆನ್ನಾದಲ್ಲಿ 1971ರಲ್ಲಿ ಮಾಡಿದ್ದನ್ನು ಹಾಕಿ.