ಸ್ಫಿಂಕ್ಸ್: ವಿಕಿಗೆ ಕೊಂಡಿ ಹಾಕುವ ಕನ್ನಡ ಕೈಪಿಡಿಗೆ ಎಷ್ಟು ಸರಿ?

ಪ್ರಿಂಟರ್ ಯಾವ ಮಾದರಿಯಲ್ಲಿ ಮೊಂಡಾಟ ಮಾಡುತ್ತದೆ, ಯಾವ ಆವೃತ್ತಿಯಲ್ಲಿ ಅಕ್ಷರ ಒಡೆಯುತ್ತದೆ ಎಂಬುದನ್ನೆಲ್ಲ ತಂತ್ರಾಂಶದ ಕೈಪಿಡಿಗೇ ತುರುಕಿದರೆ ಅದು ಬೇಗ ಹಳಸುತ್ತದೆ. ಇನ್‌ಸ್ಟಾಲ್, ಮೆನು, ಆಜ್ಞೆ ಕೈಪಿಡಿಯಲ್ಲಿರಲಿ; ಉಳಿದದ್ದಕ್ಕೆ ಬಳಕೆದಾರರ ವಿಕಿಗೆ ಕೊಂಡಿ ಸಾಕು. ಮೈಸೂರಿನ ಕಾಲೇಜು ಲ್ಯಾಬ್‌ಗಳಿಗೆ ಕನ್ನಡದಲ್ಲಿ ಇಂಥ ಕೈಪಿಡಿ ಮಾಡುವವರಿಗೆ ಸ್ಫಿಂಕ್ಸ್ ಒಳ್ಳೆಯ ಸಾಧನ; ಸರಳ ಪಠ್ಯ ಕಡತಗಳಿಂದ ವೆಬ್ ಪುಟ, ಪಿಡಿಎಫ್ ಮಾಡಿಕೊಡುತ್ತದೆ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ದಸ್ತಾವೇಜಿಗೆಂದು 2008ರಲ್ಲಿ ಹೊರಬಂದದ್ದು, ಈಗಲೂ ಉಚಿತ.

ಇದರ ಎಕ್ಸ್ಟ್‌ಲಿಂಕ್ಸ್ ಎಂಬ, ಹೊರಗಿನ ಕೊಂಡಿಗಳನ್ನು ಚಿಕ್ಕದಾಗಿ ಬರೆಯಲು ಬಿಡುವ ಸೌಲಭ್ಯಕ್ಕೆ ಪೂರ್ತಿ ಅಂಕ. ವಿಕಿಯ ವಿಳಾಸವನ್ನು ಸೆಟ್ಟಿಂಗ್ ಇರುವ ಕಾನ್ಫ್ ಕಡತದಲ್ಲಿ ಒಮ್ಮೆ ಬರೆದರಾಯಿತು, ಪಠ್ಯದಲ್ಲಿ ಪುಟದ ಹೆಸರಷ್ಟೇ ಸಾಕು. ನಾಳೆ ವಿಕಿ ಬೇರೆ ಸರ್ವರ್‌ಗೆ ಹೋದರೂ ತಿದ್ದುವುದು ಒಂದೇ ಸಾಲು.

ಕನ್ನಡದ ತಲೆಬರಹಗಳಲ್ಲಿ ಮಾತ್ರ ಎಡವಟ್ಟು. ಆಂಕರ್, ಅಂದರೆ ಪುಟದೊಳಗಿನ ಒಂದು ಜಾಗಕ್ಕೆ ಕೊಂಡಿ ಹಾಕಲು ಬೇಕಾದ ಗುರುತು, ಮಾಡುವಾಗ ಸ್ಫಿಂಕ್ಸ್ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನೆಲ್ಲ ಕಿತ್ತುಹಾಕುತ್ತದೆ. ‘ಮುದ್ರಣ’ ಎಂಬ ತಲೆಬರಹಕ್ಕೆ ಸಿಗುವುದು ‘ಐಡಿ1’ ಎಂಬಂಥ ಬರೀ ಕ್ರಮಸಂಖ್ಯೆ. ಅದರ ಮೇಲೆ ಹೊಸ ಭಾಗ ಸೇರಿತೋ, ಸಂಖ್ಯೆ ಸರಿದು, ವಿಕಿಯಿಂದ ಕೈಪಿಡಿಗೆ ಬರುವವರು ತಪ್ಪು ಜಾಗಕ್ಕೆ ಬಂದಿಳಿಯುತ್ತಾರೆ. ಪ್ರತಿ ತಲೆಬರಹದ ಮೇಲೂ ಇಂಗ್ಲಿಷ್ ಅಕ್ಷರದ ಲೇಬಲ್ ಕೈಯಾರೆ ಕೊಡಲೇಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಲಿಂಕ್‌ಚೆಕ್ ಎಂಬ ಕೊಂಡಿ ಪರೀಕ್ಷೆ ಸತ್ತ ಕೊಂಡಿಯನ್ನೂ ಕಾಣೆಯಾದ ಆಂಕರನ್ನೂ ಹಿಡಿಯುತ್ತದೆ. ಆದರೆ ವಿಕಿಪೀಡಿಯವೂ ಬಳಸುವ ವಿಕಿ ತಂತ್ರಾಂಶ ಮೀಡಿಯಾವಿಕಿಯಲ್ಲಿ ಪುಟದ ಹೆಸರು ಬದಲಾದರೆ ಹಳೆಯ ವಿಳಾಸವೇ ಹೊಸ ಪುಟ ತೋರಿಸಿ 200 (‘ಪುಟ ಸಿಕ್ಕಿತು’) ಎಂದೇ ಉತ್ತರ ಕೊಡುತ್ತದೆ, ಹಾಗಾಗಿ ಎಲ್ಲವೂ ಹಸಿರು. ಒಳಗಿನ ಹೆಜ್ಜೆಗಳೇ ಬದಲಾದರಂತೂ ಅದಕ್ಕೆ ಸುಳಿವೂ ಸಿಗದು. ಒಂದೇ ಆವೃತ್ತಿಗೆ ಸಲ್ಲುವ ಹೆಜ್ಜೆಗಳಿದ್ದರೆ ಆ ಪುಟದ ಶಾಶ್ವತ ಕೊಂಡಿ (ಪುಟ ಮುಂದೆ ಬದಲಾದರೂ ಇಂದಿನ ರೂಪವನ್ನೇ ತೋರಿಸುವಂಥದ್ದು) ಹಾಕಿ. ದೋಷ ಪರಿಹಾರದ ಪುಟಕ್ಕೆ ಮಾಮೂಲಿ ಕೊಂಡಿಯೇ ಸರಿ.

ಪಿಡಿಎಫ್‌ಗೆ ಝೀಲೇಟೆಕ್ ಎಂಬ ಪುಟ ಜೋಡಿಸುವ ಎಂಜಿನ್ ಆರಿಸಿ, ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಹೆಸರಿಸಿ. ಮೊದಲೇ ಇರುವ ಪಿಡಿಎಫ್‌ಲೇಟೆಕ್‌ನಲ್ಲಿ ಕನ್ನಡ ಬರುವುದಿಲ್ಲ. ಜೆರಾಕ್ಸ್ ಅಂಗಡಿಯಲ್ಲಿ ಸ್ಪೈರಲ್ ಹಾಕಿಸುವ ಪ್ರತಿಯಾದರೆ ‘ಇಲ್ಲಿ ಒತ್ತಿ’ ಎಂದು ಬರೆದು ಏನು ಫಲ? ವಿಳಾಸಗಳು ಅಡಿಟಿಪ್ಪಣಿಗೆ ಇಳಿಯುವಂತೆ ಸೆಟ್ಟಿಂಗ್ ಬದಲಿಸಿ. ಆಗ ಇನ್ನೊಂದು ತೊಡಕು: ಎನ್‌ಕೋಡ್ ಆದ (ಕನ್ನಡ ಅಕ್ಷರಗಳು % ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳಾಗಿ ಬದಲಾದ) ವಿಳಾಸದಲ್ಲಿ ‘ಮೈಸೂರು’ ಎಂಬ ಒಂದು ಪದವೇ 54 ಚಿಹ್ನೆಗಳ ಸರಪಳಿ. ನೋಡಿಕೊಂಡು ಟೈಪ್ ಮಾಡುವವರ ಪಾಡು ಬೇಡ. ವಿಕಿಯ ‘ಪುಟದ ಮಾಹಿತಿ’ಯಲ್ಲಿರುವ ಪುಟ ಸಂಖ್ಯೆಯನ್ನು ‘ಕರ್‌ಐಡಿ’ (curid) ಎಂಬ, ಪುಟವನ್ನು ಸಂಖ್ಯೆಯಿಂದ ಹುಡುಕುವ ವಿಳಾಸಕ್ಕೆ ಸೇರಿಸಿ ಕೊಡಿ; ಅದು ಚಿಕ್ಕದು, ಪುಟದ ಹೆಸರು ಬದಲಾದರೂ ಕೆಡುವುದಿಲ್ಲ.